ಮೂಲೆ ಸೈಟಿನ ನಾಲ್ಕು ಗೂಟ

ಮಲ್ಲಿಕಾರ್ಜುನ ಕಳೆದ ಸೋಮವಾರ ಬೆಳಿಗ್ಗೆ ವಡೋದರಾದ ತನ್ನ ಮನೆಯಲ್ಲಿ ತೀರಿಕೊಂಡ. ಹೃದಯಾಘಾತ. ಅರವತ್ತೊಂದು ವರ್ಷವಾಗಿತ್ತು. ಹೆಂಡತಿ ಕೃಪಾ ಚಹಾ ತಂದು ಎಬ್ಬಿಸಿದರೆ ಏಳಲಿಲ್ಲ. ಮಗ ಸಂತೋಷ್ ಅಹಮದಾಬಾದಿನಿಂದ ನನಗೆ ಫೋನ್ ಮಾಡಿ ಹಿಂದಿಯಲ್ಲಿ ಹೇಳಿದ. ಅಷ್ಟು ದೊಡ್ಡ ಮಾತನ್ನು ಕನ್ನಡದಲ್ಲಿ ಹೇಳಿ ಅವನಿಗೆ ಅಭ್ಯಾಸವಿಲ್ಲ.

ನಾನು ತುಮಕೂರಿನವನು. ವಿಮಾ ಕಚೇರಿಯ ವರ್ಗಾವಣೆಯ ಮೇಲೆ ವಡೋದರಾಕ್ಕೆ ಬಂದು ಇಲ್ಲಿಯೇ ನಿವೃತ್ತನಾದೆ. ಅವನು ಗದಗ-ಬೆಟಗೇರಿಯವನು. ಇಲ್ಲಿನ ಮಕರಪುರದ ಕಾರ್ಖಾನೆಯೊಂದರಲ್ಲಿ ಟರ್ನರ್. ಕಬ್ಬಿಣದ ಸರಳನ್ನು ಲೇಥಿಗೆ ಕಟ್ಟಿ, ತಿರುಗಿಸುತ್ತ, ಬೇಕಾದ ಆಕಾರಕ್ಕೆ ಹೆರೆಯುವ ಕೆಲಸ. ಕರ್ನಾಟಕದಲ್ಲೇ ಇದ್ದಿದ್ದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನೋಡಿದ್ದು ಮಕರಪುರದ ಒಂದು ತಿಂಡಿಗಾಡಿಯ ಮುಂದೆ, ಸೇವ್-ಉಸಳ್ ಎಂಬ ಖಾರದ ಬಟಾಣಿ ತಿಂಡಿ ಮಾರುವಲ್ಲಿ. ಪಕ್ಕದಲ್ಲಿ ನಿಂತವನೊಬ್ಬ ಮೇಲಿಂದ ಮೇಲೆ ಕೆಂಪು ರಸ ಹಾಕಿಸಿಕೊಂಡು, ಕೆಮ್ಮಿ, ಕಣ್ಣೊರೆಸಿಕೊಂಡು, "ಯವ್ವಾ, ಸತ್ನ್ಯೋ!" ಅಂದ. ನನಗೆ ನಗು ಬಂತು. ಅವನು ತಿರುಗಿ ನೋಡಿದ.

"ನಕ್ರಿ ಅಂದ್ರ ನೀವು ನಮ್ಮವರs. ಯಾವೂರ್ರಿ?"

"ತುಮಕೂರು."

"ನಿಮ್ಮ ಕಡಿ ಸಾರಿಗೆ ಬೆಲ್ಲಾ ಹಾಕ್ತಾರಂತಲ್ರಿ, ಖರೇನ? ಹಂಗಿದ್ರ ಎಲ್ಲಾದಕ್ಕೂ ಬೆಲ್ಲಾ ಹಾಕೂ ಈ ಗುಜರಾತಿ ಮಂದಿಗೆ ನೀವು ಬೀಗರಾಗಬೇಕ್ರಿ."

ಅಂದಿನಿಂದ ನಾನು ಅವನಿಗೆ "ರಾಯರು". ಕಾರ್ಖಾನೆಯವರಿಗೆ ಅವನು "ಮಲ್ಲುಭಾಯ್". ಆ ಹೆಸರಿನ ಮೇಲೆ ಅವನಿಗೆ ವಿಶೇಷ ಪ್ರೀತಿಯಿತ್ತು. ಬೆಟಗೇರಿಯ ಮಗ್ಗಗಳು ಒಂದೊಂದಾಗಿ ನಿಲ್ಲತೊಡಗಿದ ಕಾಲದಲ್ಲಿ, ಮೀಸೆ ಮೂಡುವ ವಯಸ್ಸಿಗೆ, ಅವನು ಮೊದಲು ಹೋಗಿದ್ದು ಸೂರತ್ತಿಗೆ, ಪವರ್‌ಲೂಮಿನ ಕೆಲಸಕ್ಕೆ. ಒಂದೇ ಚಾಪೆಯಲ್ಲಿ ಹಗಲು ಒಬ್ಬ, ರಾತ್ರಿ ಒಬ್ಬ ಮಲಗುವ ಖೋಲಿ. "ಸೂರತ್ತಿನಾಗ ನನ್ನ 'ಏ ಮದ್ರಾಸಿ' ಅಂದ್ರು ರಾಯರ. ಬಡೋದಾದಾಗ ಬಂದ ಮರುದಿನಾನs 'ಮಲ್ಲುಭಾಯ್' ಅಂದ್ರು. ಮುಗೀತು, ನಂದು ಬಡೋದಾ." ವಡೋದರಾ ಅವನ ಬಾಯಲ್ಲಿ ಯಾವಾಗಲೂ ಬಡೋದಾ. ಕ್ರಿಕೆಟ್ ಇರಲಿ, ಗಾಳಿಪಟ ಇರಲಿ, ಸೂರತ್ತಿನವರು ಸೋತರೆ ಅವನಿಗೆ ಒಂದು ತುತ್ತು ಹೆಚ್ಚು ಸೇರುತ್ತಿತ್ತು. ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ತಿಂಗಳ ಮೊದಲ ವಾರ ಅವನು ಊರಿಗೆ ಹಣ ಕಳಿಸುತ್ತಿದ್ದ. ಮೊದಮೊದಲು ಅದು ಜೋಳವಾಯಿತು, ಆಮೇಲೆ ತಂಗಿ ತಾರಾಳ ಮದುವೆಯಾಯಿತು, ಆಮೇಲೆ ಅವ್ವನ ಔಷಧವಾಯಿತು. ಅವ್ವ ಹೋದಳು. ಹಿರಿಯರ ಮನೆ ಚಿಕ್ಕಪ್ಪಂದಿರ ನಡುವೆ ಹರಿದು ಹಂಚಿಹೋಗಿ ಮಾರಾಟವಾಯಿತು. ಅದಾದ ಮೇಲೂ ಒಂದು ದಿನ, ತಿಂಗಳ ಮೊದಲ ವಾರ, ಚಡಪಡಿಸುತ್ತ ನನ್ನ ಮನೆಗೆ ಬಂದ. "ಕೈ ತುರಸ್ತಾವ್ರಿ. ಯಾರಿಗೆ ಕಳಸ್ಲಿ?"

ಆ ವರ್ಷಗಳಲ್ಲಿ ಇದು ಅವನೊಬ್ಬನ ಪ್ರಶ್ನೆಯಾಗಿರಲಿಲ್ಲ. ಸೂರತ್ತು, ವಡೋದರಾ, ಅಹಮದಾಬಾದುಗಳಲ್ಲಿ ದುಡಿಯುವ ನಮ್ಮ ಕಡೆಯ ಎಲ್ಲರ ಕೈಯೂ ತುರಿಸುತ್ತಿತ್ತು, ಎಲ್ಲರೂ ಒಂದೇ ಔಷಧ ಕಂಡುಕೊಂಡಿದ್ದರು: ಊರಲ್ಲಿ ಸೈಟು. ಭಾನುವಾರದ ಹರಟೆಯಲ್ಲಿ ಮಕ್ಕಳ ಮಾತಿಗಿಂತ ಸೈಟಿನ ಮಾತು ಹೆಚ್ಚು. ಪೂರ್ವ ದಿಕ್ಕಿನದೋ, ರಸ್ತೆ ಎಷ್ಟು ಅಗಲ, ನಲ್ಲಿ ಬಂದಿದೆಯೋ. ಒಂದು ಕಟ್ಟುನಿಟ್ಟಿನ ನೇಮವೂ ಇತ್ತು. ನೋಂದಣಿ ಮುಗಿಯುವ ತನಕ ಊರಿನ ಬಂಧುಗಳೆದುರು ಬಾಯಿ ಬಿಡಬಾರದು. ದೃಷ್ಟಿ ತಾಗುತ್ತದೆ, ವ್ಯವಹಾರ ಮುರಿಯುತ್ತದೆ. ಓದಿದವರು, ಓದದವರು, ದೇವರಿಗೆ ಕೈ ಮುಗಿಯದವರು ಕೂಡ ಈ ನೇಮ ಮೀರುತ್ತಿರಲಿಲ್ಲ.

ಮಲ್ಲಿಕಾರ್ಜುನನೂ ಮೀರಲಿಲ್ಲ. ಬೆಟಗೇರಿಯಲ್ಲಿ, ತಾನು ಹುಟ್ಟಿದ ಓಣಿಯ ತುದಿಯಲ್ಲಿ, ಮಗ್ಗದ ಹಳೆಯ ಶೆಡ್ಡೊಂದನ್ನು ಕೆಡವಿ ಸೈಟು ಮಾಡಿದ್ದರು. ಅದರಲ್ಲಿ ಮೂಲೆಯದು ಅವನಿಗೆ ಬೇಕಾಯಿತು. ತಾರಾ ಅದೇ ಓಣಿಯಲ್ಲಿ ಬಾಡಿಗೆಗಿದ್ದಳು, ಹೊಲಿಗೆ ಮಾಡುತ್ತಿದ್ದಳು. ಅವಳ ಗಂಡ ಆಟೋ ಓಡಿಸುತ್ತಿದ್ದ. ಅವಳಿಗೂ ಅಣ್ಣ ಹೇಳಲಿಲ್ಲ. ದಲ್ಲಾಳಿ ವೀರಬಸಪ್ಪನೆಂಬುವನ ಜೊತೆ ಎಲ್ಲ ಮಾತು ಫೋನಿನಲ್ಲೇ. ಕೊನೆಯ ಮಾತುಕತೆಯ ದಿನ ನಾನು ಅವನ ಮನೆಯಲ್ಲಿದ್ದೆ.

"ಜಲ್ದಿ ಹೇಳ್ರಿ," ಎಂದು ವೀರಬಸಪ್ಪನ ದನಿ ಆ ಸಣ್ಣ ಫೋನಿನಿಂದ ಕೋಣೆ ತುಂಬ ಕೇಳುತ್ತಿತ್ತು. "ಸೂರತ್ ಪಾರ್ಟಿ ಬಂದು ಕುಂತೈತಿ."

ಮಲ್ಲಿಕಾರ್ಜುನ ಎದ್ದು ನಿಂತ. ಕೃಪಾ ಒಳಗಿನಿಂದ, "ಹಂಗs ಏರಸಬ್ಯಾಡ್ರಿ, ಸಾವಕಾಶ," ಅಂದಳು. "ಸೂರತ್ತಿನವರಿಗೆ ಬಿಟ್ಟುಕೊಡಬೇಕೇನು?" ಎಂದು ಇವನು ಬೆಲೆ ಏರಿಸಿದ. ಅತ್ತಲಿಂದ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಏರಿತು. ಇವನು ಮತ್ತೆ ಏರಿಸಿದ. ಕೊನೆಗೆ ವೀರಬಸಪ್ಪ, "ಸೂರತ್ ಪಾರ್ಟಿ ಎದ್ದು ಹೋತ್ರಿ. ಸೈಟು ನಿಮ್ದು," ಅಂದ. ಅವತ್ತು ನಮ್ಮ ಸೊಸೈಟಿಯ ಕಾವಲುಗಾರನಿಗೂ ಪೇಢೆ ಸಿಕ್ಕಿತು.

ಆ ಸೈಟಿನ ನಾಲ್ಕು ಮೂಲೆಗೆ ಎಲ್ಲರಂತೆ ಕಲ್ಲು ನೆಡಲು ಅವನು ಒಪ್ಪಲಿಲ್ಲ. ತಾನೇ ಲೇಥಿನ ಮೇಲೆ ಉಕ್ಕಿನ ನಾಲ್ಕು ಗೂಟ ಹೆರೆದು, ತಲೆಯ ಮೇಲೆ "ಮ" ಎಂದು ಕೆತ್ತಿ, ಹಾಸಿಗೆ ಸುರುಳಿಯಲ್ಲಿ ಸುತ್ತಿಕೊಂಡು ರೈಲು ಹತ್ತಿದ. ನೋಂದಣಿಯಾದ ದಿನ ಸೈಟಿನ ಪೂಜೆ. ತಾರಾಳನ್ನು ಕರೆಸಿ, ಸುದ್ದಿ ಹೇಳುವ ಮೊದಲೇ ಅವಳ ಬಾಯಿಗೆ ಧಾರವಾಡ ಪೇಢೆ ಹಾಕಿದನಂತೆ. ಅವಳು ಅದನ್ನು ನಿಧಾನವಾಗಿ ತಿಂದು, "ಚಲೋ ಆತು ಅಣ್ಣಾ," ಅಂದಳಂತೆ. ಇಷ್ಟನ್ನು ಅವನು ಬಂದು ಸಂತೋಷದಿಂದ ನನಗೆ ಹೇಳಿದ.

ಈಗ ಅವನನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಅವನ ಮನೆಯ ಮಹಡಿ, ಮೇಲೆ ಸೂರಿಲ್ಲದ ತಾರಸಿ. ಊರಿಂದ ಬಂದ ಮೊದಲ ಭಾನುವಾರ ಸೀಮೆಸುಣ್ಣ ತೆಗೆದುಕೊಂಡು ಅಲ್ಲಿ ಮನೆ ಬರೆದ. ನಕ್ಷೆಯಲ್ಲ, ಅಳತೆಗೆ ಸರಿಯಾಗಿ, ನಿಜವಾದ ಗಾತ್ರದ ಮನೆ. ಪಡಸಾಲೆ, ದೇವರ ಕೋಣೆ, ಅಡುಗೆಮನೆ. ಮಹಡಿ ಸಾಲದೆ ಬಚ್ಚಲು ಕಟ್ಟೆಯಾಚೆ ಗಾಳಿಗೆ ಹೋಯಿತು. "ರಾಯರ, ಬಚ್ಚಲಕ್ಕ ಹೋಗೂ ಮುಂದ ನೋಡಿಕೊಂಡು ಹೋಗ್ರಿ," ಎನ್ನುತ್ತಿದ್ದ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಗೆರೆ ಹೊಸದಾಗಿ ಬರೆಯುವುದು. ಕೃಪಾ ಸಂಡಿಗೆ ಹಾಕುತ್ತಿದ್ದುದು ಆ ಅಡುಗೆಮನೆಯ ಗೆರೆಯ ಒಳಗೇ. ಆಗ ಎರಡನೇ ಕ್ಲಾಸಿನಲ್ಲಿದ್ದ ಸಂತೋಷ್ ಪಡಸಾಲೆಯಿಂದ ದೇವರ ಕೋಣೆಗೆ ಕುಂಟಾಬಿಲ್ಲೆ ಆಡುತ್ತಿದ್ದ. ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಗೆ, ನಾವೆಲ್ಲ ಆ ಪಡಸಾಲೆಯಲ್ಲಿ ನಿಂತು ಗಾಳಿಪಟ ಬಿಟ್ಟಿದ್ದೇವೆ, ಊಂಧಿಯು ಪಲ್ಯ, ಜಿಲೇಬಿ ತಿಂದಿದ್ದೇವೆ. ಗೋಡೆಯಿಲ್ಲದ ಆ ಮನೆಯಲ್ಲಿ ಬಾಗಿಲು ಬಿಟ್ಟು ಬೇರೆ ಕಡೆಯಿಂದ ಯಾರಾದರೂ ಬಂದರೆ ಅವನು ಬೈಯುತ್ತಿದ್ದ. "ಗ್ವಾಡಿ ಹಾಯ್ದು ಬರತೀರಲ್ರಿ, ದೆವ್ವ ಏನು ನೀವು?"

ಊರಿನ ಸೈಟಿನಲ್ಲಿ ಮಾತ್ರ ಏನೂ ಏಳಲಿಲ್ಲ. ಎರಡು ವರ್ಷಕ್ಕೊಮ್ಮೆ ಹೋಗುವುದು, ಜಾಲಿ ಕಡಿಸುವುದು, ಗೂಟಕ್ಕೆ ಎಣ್ಣೆ ಹಚ್ಚುವುದು, ಒಂದು ಫೋಟೋ ತೆಗೆಸಿಕೊಂಡು ಬರುವುದು. ಅಕ್ಕಪಕ್ಕದ ಸೈಟುಗಳೂ ಹಾಗೇ ಇದ್ದವು, ಸೂರತ್ತಿನವರದು, ಪುಣೆಯವರದು. ಜನ ಅದಕ್ಕೆ ಬಡೋದಾ ಕಾಲನಿ ಎಂದು ಹೆಸರಿಟ್ಟಿದ್ದರು. ಬೆಲೆ ಮಾತ್ರ ಏರುತ್ತಲೇ ಹೋಯಿತು. ಒಬ್ಬ ಕೊಂಡ ಬೆಲೆ ಇನ್ನೊಬ್ಬನಿಗೆ ಮೊದಲ ಮೆಟ್ಟಿಲು. ಪಕ್ಕದ ಹಳೆಯ ಮನೆಗಳ ಮಾಲೀಕರೂ ಲೆಕ್ಕ ಹಾಕತೊಡಗಿದರು. ಓಣಿಯ ಚಹಾದ ಅಂಗಡಿಯವನು ಇವನಿಗೇ ಹೇಳಿದ್ದನಂತೆ: "ನಮ್ಮೂರಾಗ ಈಗ ಸೈಟು ಭಾಳ ಅದಾವ್ರಿ. ಇರಾಕ ಮನಿ ಇಲ್ಲ."

ತಾರಾ ಇದ್ದ ಬಾಡಿಗೆ ಮನೆಯೂ ಮಾರಾಟವಾಯಿತು. ಅವಳು ಊರ ಹೊರಗೆ, ಬೈಪಾಸ್ ರಸ್ತೆಯಾಚೆ, ಶೀಟಿನ ಮನೆಗೆ ಹೋದಳು. ಓಣಿಯ ಹೆಂಗಸರು ರವಿಕೆ ಹೊಲಿಸಲು ಅಷ್ಟು ದೂರ ಹೋಗಲಿಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿಟ್ಟು, ಆಕೆ ಬೇರೆಯವರ ಅಂಗಡಿಯಲ್ಲಿ ಕೂಲಿಗೆ ಗುಂಡಿ-ಕಾಜಾ ಹಾಕಲು ಹೋಗತೊಡಗಿದಳು. ಅಣ್ಣ ಮರುಗಿದ, ಹಣ ಕಳಿಸಿದ. ತನ್ನ ಸೈಟಿಗೂ ಇದಕ್ಕೂ ಸಂಬಂಧವಿದೆಯೆಂದು ಅವನಿಗೆ ಹೊಳೆಯಲಿಲ್ಲ.

ಅದರ ಎಳೆ ಸಿಕ್ಕಿದ್ದು ಸೂರತ್ತಿನಲ್ಲಿ, ಕೊರೋನಾ ಮುಗಿದ ಮೇಲೆ. ಬೆಟಗೇರಿಯ ಈರಣ್ಣನೆಂಬುವನು ಅಲ್ಲಿನ ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕೆಲಸದಲ್ಲಿದ್ದ. ಅವನ ಮಗಳ ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಊಟಕ್ಕೆ ಕೂತಾಗ ಮಲ್ಲಿಕಾರ್ಜುನ ಹಳೆಯ ಗೆಲುವನ್ನು ಎತ್ತಿದ. "ಏನಪಾ ಈರಣ್ಣ, ನಮ್ಮ ಓಣಿ ಮೂಲಿ ಸೈಟಿಗೆ ಸೂರತ್ತಿನವರು ಭಾಳ ಜಗ್ಗಿದ್ರಿ. ಯಾರಂವ, ನೀನs ಏನು?"

ಈರಣ್ಣ ನಗತೊಡಗಿದ. "ನಮ್ಮ ಮಂದ್ಯಾಗ ಯಾರೂ ಜಗ್ಗಿಲ್ಲೋ ಮಾರಾಯ. ನನಗ ನನ್ನ ಸೈಟು ಕೊಡಸೂ ಮುಂದ ಆ ವೀರಬಸಪ್ಪ ಏನಂದಾ ಗೊತ್ತೈತೇನು? 'ಬಡೋದಾ ಪಾರ್ಟಿ ಬಂದು ಕುಂತೈತಿ' ಅಂದಾ!"

ಪಂಕ್ತಿಯೆಲ್ಲ ನಕ್ಕಿತು. ಇವನೂ ನಕ್ಕ. ವಾಪಸ್ ಬರುವ ರೈಲಿನಲ್ಲಿ ಭರೂಚ್ ದಾಟುವ ಹೊತ್ತಿಗೆ ಒಮ್ಮೆಲೇ, "ಹಂಗಾರ ನನ್ನ ಎದುರಿಗೆ ಕುಂತಾಂವ ಯಾರ್ರಿ?" ಅಂದ. ಯಾರೋ ಇದ್ದದ್ದು ನಿಜ. ಆಚೆಯಿಂದ ಬೆಲೆ ಏರಿಸಲು ಹೊತ್ತು ಹಿಡಿಯುತ್ತಿತ್ತು, ಯಾರೋ ಕೂತು ಲೆಕ್ಕ ಹಾಕುತ್ತಿದ್ದರು.

ಮರುದಿನ ನನ್ನನ್ನೂ ಮಹಡಿಗೆ ಕರೆದು, ನಿಂತುಕೊಂಡೇ ವೀರಬಸಪ್ಪನಿಗೆ ಫೋನ್ ಮಾಡಿದ. ಆತನಿಗೆ ಮುಚ್ಚಿಡುವ ಗೋಜೇ ಇರಲಿಲ್ಲ.

"ನಿಮ್ಮ ತಂಗಿ, ತಂಗಿ ಗಂಡ. ನಿಮಗಿನ್ನೂ ಗೊತ್ತಿಲ್ಲೇನ್ರಿ? ನನಗೂ ಆವಾಗ ಗೊತ್ತಿರಲಿಲ್ಲ ಬಿಡ್ರಿ, ಅಣ್ಣ ತಂಗಿ ಅಂತ. ರಿಜಿಸ್ಟ್ರಿ ದಿನಾ ಗೊತ್ತಾತು."

"ಸೂರತ್ ಪಾರ್ಟಿ ಅಂದ್ಯಲ್ಲೋ!"

"ಲೋಕಲ್ ಪಾರ್ಟಿ ಅಂದ್ರ ನೀವು ಚೌಕಾಶಿ ಮಾಡ್ತಿದ್ರಿ. ಸೂರತ್ತು ಅಂದ್ರ ಏರಸ್ತಿದ್ರಿ. ಅದು ಸುಳ್ಳಲ್ರಿ ಯಜಮಾನ್ರ, ಮಸಾಲಿ."

ಮಲ್ಲಿಕಾರ್ಜುನ ಸೀಮೆಸುಣ್ಣದ ಹೊಸ್ತಿಲ ಮೇಲೆ ಕೂತುಬಿಟ್ಟ. ಆಮೇಲೆ ತಾರಾಳಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ, ಒಬ್ಬನೇ ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲವೇನೋ.

"ಆ ಸೈಟು ನಿನಗ ಬೇಕಾಗಿತ್ತು ಅಂತ ಯಾಕ ಹೇಳಲಿಲ್ಲವಾ?"

"ನೀ ಯಾಕ ಹೇಳಲಿಲ್ಲ?"

"ರಿಜಿಸ್ಟ್ರಿ ಆಗೂತನಕ ಹೇಳಬಾರದಲ್ಲ."

"ನಾನೂ ಅದಕ್ಕs ಹೇಳಲಿಲ್ಲ."

"ಪೂಜಾದ ದಿನಾನರ ಹೇಳಬೇಕಾಗಿತ್ತು."

"ಪೇಢೆ ಹಾಕಿದ್ದೆಲ್ಲೋ ಅಣ್ಣಾ. ಬಾಯಿ ತುಂಬ ಪೇಢೆ ಇಟ್ಟುಕೊಂಡು ಹೆಂಗ ಹೇಳ್ಲಿ?"

ಅವಳು ನಕ್ಕಳು. ಇವನು ಹೊಸ್ತಿಲ ಗೆರೆಯನ್ನು ಬೆರಳಿನಿಂದ ಉಜ್ಜುತ್ತ, "ಆ ಜಾಗಾ ನಿನ್ನ ಹೆಸರಿಗೆ ಮಾಡತೀನಿ," ಅಂದ. ತಾರಾಳ ದನಿ ಬದಲಾಯಿತು. "ಬ್ಯಾಡ. ನೀ ಕಳಿಸಿದ್ದು ಅವ್ವ ಉಂಡಾಳ, ನಾ ಉಂಡೀನಿ. ಇನ್ನ ನೆಲಾನೂ ನುಂಗು ಅಂತೀಯೇನು? ಅದು ಸಂತೂಂದು." ಫೋನ್ ಇಟ್ಟುಬಿಟ್ಟಳು. ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಮಗ ಸಂತೋಷನ ಲೆಕ್ಕ ಬೇರೆಯೇ ಇತ್ತು. ಅವನು ಅಹಮದಾಬಾದಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ, ಬಾಡಿಗೆ ಮನೆಯಲ್ಲಿದ್ದ. "ಪಪ್ಪಾ, ಅದು ಮಾರಿಬಿಡಿ. ಇಲ್ಲಿ ಫ್ಲ್ಯಾಟಿಗೆ ಡೌನ್ ಪೇಮೆಂಟ್ ಆಗುತ್ತೆ. ವಹಾಂ ಕೌನ್ ರಹೇಗಾ?"

"ನಾ ಇರತೀನಿ."

"ಯಾವಾಗ?"

ಮಗ ಕೆಟ್ಟವನಲ್ಲ. ಅಪ್ಪನಿಗೆ ಊರಿನಲ್ಲಿ ಬೇಕಾದ್ದು ಮಗನಿಗೆ ತಾನಿರುವಲ್ಲಿ ಬೇಕಾಗಿತ್ತು, ಅಷ್ಟೆ. ಆಮೇಲಿನ ಎರಡು ವರ್ಷ ನನ್ನ ಗೆಳೆಯ ನಮ್ಮೆದುರು ಸೈಟಿನ ಮಾತೇ ಎತ್ತಲಿಲ್ಲ. ಮಹಡಿಯ ಗೆರೆಗಳನ್ನು ಮಳೆ ತೊಳೆಯಿತು, ಮತ್ತೆ ಬರೆಯಲಿಲ್ಲ.

ದಾರಿ ಕಂಡವಳು ಕೃಪಾ. ಕಳೆದ ವರ್ಷ ಶ್ರಾವಣದ ಮೊದಲು ಒಂದು ಸಂಜೆ ಮೆಂತ್ಯ ಸೊಪ್ಪು ಬಿಡಿಸುತ್ತ ಹೇಳಿದಳು: "ಫೋನಿನಾಗ ಕೊಟ್ರ ಯಾರು ತಗೋತಾರ್ರಿ? ಪಂಚಮಿಗೆ ಕರೀರಿ. ಉಡಿ ತುಂಬೂಣು. ಉಡ್ಯಾಗ ಹಾಕಿದ್ದು ಯಾವ ಹೆಣ್ಮಗಳೂ ತಿರುಗಿ ಕೊಡೂದಿಲ್ಲ." ನಾಗರ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರುವುದು ಆ ಕಡೆಯ ಪದ್ಧತಿ, ತವರಿನವರು ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ಉಡಿಗೆ ಬಿದ್ದದ್ದನ್ನು ಬೇಡ ಎಂದರೆ ತವರನ್ನೇ ಬೇಡ ಎಂದಂತೆ. ಹಾಗಾದರೆ ತವರು ಎಲ್ಲಿ? "ಸೈಟಿನಾಗs," ಅಂದಳು ಕೃಪಾ.

ಹುಬ್ಬಳ್ಳಿಯ ರೈಲಿಗೆ ನಾನೂ ಹತ್ತಿದೆ. ಸಂತೋಷ್ ತಾಯಿಯ ಒತ್ತಾಯಕ್ಕೆ ಬಂದಿದ್ದ, ದಾರಿಯುದ್ದಕ್ಕೂ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದ. ಪಂಚಮಿಯ ಬೆಳಿಗ್ಗೆ ಆ ಖಾಲಿ ಸೈಟಿನಲ್ಲಿ ಜಾಲಿ ಕಡಿಸಿ ಜಮಖಾನ ಹಾಸಿದೆವು. ಸಂತೋಷ್ ಸಣ್ಣವನಿದ್ದಾಗ ಮುಳ್ಳಿಗೆ ಹೆದರಿ ಆಟೋದಿಂದ ಇಳಿಯುತ್ತಿರಲಿಲ್ಲವಂತೆ, ಈಗ ಇಳಿದ. ಸುತ್ತ ನೋಡಿ, "ಪಪ್ಪಾ, ಕಿಚನ್ ಎಲ್ಲಿ?" ಎಂದು ಕೇಳಿದ.

ಮಲ್ಲಿಕಾರ್ಜುನ ಹೆಜ್ಜೆ ಹಾಕಿ ತೋರಿಸಿದ. ಮಗ ಅವನ ಹಿಂದೆ ಪಡಸಾಲೆ ದಾಟಿದ, ದೇವರ ಕೋಣೆ ದಾಟಿದ, ಅಡುಗೆಮನೆ ದಾಟಿದ, ಮುಂದೆ ಹೋಗಿ ನಿಂತ. "ಇದು ಬಾತ್‌ರೂಮ್." ವಡೋದರಾದ ಮಹಡಿಯಲ್ಲಿ ಆ ಜಾಗದಲ್ಲಿ ಬರೀ ಗಾಳಿಯಿತ್ತು. ಅವನು ಅಲ್ಲಿನ ನೆಲವನ್ನು ಬೂಟಿನಿಂದ ಒಮ್ಮೆ ಒತ್ತಿ ನೋಡಿದ. ಆಮೇಲೆ ಯಾರೂ ಹೇಳದೆ ಹಾರೆ ತೆಗೆದುಕೊಂಡು ಮೂಲೆಯ ಗೂಟವನ್ನು ಕೀಳತೊಡಗಿದ. "ಫೋಈಗೆ ಕೊಡೋದಲ್ವಾ?" ಅಂದ. ಅತ್ತೆಯನ್ನು ಅವನು ಕರೆಯುತ್ತಿದ್ದುದು ಗುಜರಾತಿಯಲ್ಲೇ. "ಫ್ಲ್ಯಾಟಿಗೆ ಲೋನ್ ಸ್ವಲ್ಪ ಜಾಸ್ತಿ ತಗೋತೀನಿ." ಮುಖದಲ್ಲಿ ಬೇಸರ ಇತ್ತು, ನಾನು ನೋಡಿದೆ. ಆದರೂ ನಾಲ್ಕನ್ನೂ ಕಿತ್ತ.

ತಾರಾ ಗಂಡನ ಆಟೋದಿಂದ ಇಳಿದು, ಜಮಖಾನವನ್ನೂ ಪಂಚಮಿಯ ಸಿಹಿ ಉಂಡಿಗಳ ಡಬ್ಬಿಯನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಭಾರಿ ತವರಮನಿ ಕಟ್ಟೀಯೋ ಅಣ್ಣಾ! ಪಂಚಮಿ ಜೋಕಾಲಿ ಎಲ್ಲಿ ಕಟ್ಟತೀ, ಜಾಲಿ ಗಿಡಕ್ಕ?"

ಕೃಪಾ ಅವಳನ್ನು ಕೂರಿಸಿ ಕುಂಕುಮ ಹಚ್ಚಿದಳು, ಸೆರಗೊಡ್ಡಿಸಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಒಂದು ಹಸಿರು ಖಣ. ಅದರ ಮೇಲೆ, ಅರಿಸಿನ ಬಳಿದ ನಾಲ್ಕು ಗೂಟ. ಭಾರಕ್ಕೆ ಸೆರಗು ಜಗ್ಗಿತು. ತಾರಾ ಬಗ್ಗಿ ನೋಡಿದಳು. ಅವಳಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಎದ್ದು ಹೋಗುತ್ತಾಳೇನೋ ಎಂದು ನಮಗೆಲ್ಲ ಭಯವಾಯಿತು. ಉಡಿಯನ್ನು ಎರಡೂ ಕೈಯಿಂದ ಹಾಗೇ ಹಿಡಿದುಕೊಂಡು, ಕೃಪಾಳ ಕಡೆ ನೋಡಿ, "ವೈನಿ, ಇದು ನಿಂದs ಕೆಲಸ," ಅಂದಳು. ಆಮೇಲೆ ಅತ್ತಳು. ಅತ್ತು ಮುಗಿದ ಮೇಲೆ ಎಂದಿನ ತಾರಾ ಆದಳು.

"ಉಡ್ಯಾಗ ಕಬ್ಬಣ ಹಾಕ್ತಾರೇನೋ ಅಣ್ಣಾ? ಈ ಗೂಟಾ ತಗೊಂಡು ನಾ ಏನು ಎಮ್ಮಿ ಕಟ್ಟಲೇನು? ಮನಿ ಆದ ಮ್ಯಾಗ ಬಾಗಲಕ್ಕ ಚಿಲಕಾ ಬೇಕಾಗ್ತಾವ. ಇವನ್ನs ಚಿಲಕಾ ಮಾಡಿ ಕಳಸು."

ಮರುದಿನ ನೋಂದಣಿ ಕಚೇರಿಯಲ್ಲಿ ದಾನಪತ್ರವಾಯಿತು. ಅಂದು ಸೈಟಿಗೆಂದು ತಾರಾ ಮತ್ತು ಅವಳ ಗಂಡ ಕೂಡಿಟ್ಟಿದ್ದ ಹಣ ಬ್ಯಾಂಕಿನಲ್ಲೇ ಇತ್ತು. ಇವತ್ತಿನ ಬೆಟಗೇರಿಯಲ್ಲಿ ಅದಕ್ಕೆ ಕಾಲು ಸೈಟೂ ಬರುತ್ತಿರಲಿಲ್ಲ. ಎರಡು ಕೋಣೆ ಎಬ್ಬಿಸಲು ಸಾಕಾಯಿತು. ಈ ಬೇಸಿಗೆಯ ಹೊತ್ತಿಗೆ ಗೋಡೆ ಎದ್ದವು, ಚೌಕಟ್ಟು ಕೂತವು. ಮುಂದಿನ ಕೋಣೆ ಹೊಲಿಗೆಗೆ. ಓಣಿಯ ಹೆಂಗಸರು ಈಗಲೇ ಬಟ್ಟೆ ತಂದುಕೊಡುತ್ತಿದ್ದಾರಂತೆ.

ನಿವೃತ್ತನಾದ ಮೇಲೆ ಮಲ್ಲಿಕಾರ್ಜುನ ಮಕರಪುರದಲ್ಲೇ ಪರಿಚಯದವರ ಸಣ್ಣ ವರ್ಕ್‌ಶಾಪಿಗೆ ಹೋಗುತ್ತಿದ್ದ. ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ, ರಜೆಯಿದ್ದರೂ ಬೀಗದ ಕೈ ಇಸಿದುಕೊಂಡು, "ಬರ್ರಿ ರಾಯರ, ಇವತ್ತ ಮಷಿನ್ ಖಾಲಿ ಇರತೈತಿ," ಎಂದು ನನ್ನನ್ನೂ ಕರೆದುಕೊಂಡು ಹೋದ. ನಾನು ಸ್ಟೂಲಿನ ಮೇಲೆ ಕೂತು ಪೇಪರ್ ಓದಿದೆ. ಅವನು ಗೂಟಗಳನ್ನು ಒಂದೊಂದಾಗಿ ಲೇಥಿಗೆ ಕಟ್ಟಿದ. ಇಪ್ಪತ್ತು ವರ್ಷದ ತುಕ್ಕು ಮೊದಲು ಪುಡಿಯಾಗಿ ಬಿತ್ತು, ಆಮೇಲೆ ಹೊಳೆಯುವ ಉಕ್ಕು ಸುರುಳಿ ಸುರುಳಿಯಾಗಿ ಬಂತು. ತಲೆಯ ಮೇಲಿನ "ಮ" ಹೋಗುವಾಗ ಅವನು ನಿಲ್ಲಿಸಿ ನೋಡಲೂ ಇಲ್ಲ. ಕೊನೆಯದಕ್ಕೆ ಬಂದಾಗ ಮಷಿನ್ ನಿಲ್ಲಿಸಿ ತಾರಾಳಿಗೆ ಫೋನ್ ಮಾಡಿದ.

"ಏ ತಾರಾ, ತಲಬಾಗಲಾ ಒಳಗ ತೆರೀತೈತೋ ಹೊರಗೋ?"

"ಒಳಗs. ಬಂದವರನ್ನ ಬಾಗಲದಿಂದ ದಬ್ಬಲೇನು ನಾನು?"

"ಹಂಗಾರ ಹಿಡಿಕಿ ಎಡಕ್ಕ ಬರತೈತಿ."

"ನೀ ಬಂದು ಕೂಡಸಿಕೊಡು."

"ಬರತೀನಿ. ಪಂಚಮಿಗೆ."

ಹಿಡಿಕೆಯ ಜಾಗವನ್ನು ಎಡಕ್ಕೆ ಮಾಡಿದ. ನಾಲ್ಕೂ ಚಿಲಕದ ಸರಳುಗಳನ್ನು ಸಾಲಾಗಿ ಇಟ್ಟು, ಒಂದು ಕಬ್ಬಿಣದ ಬಳೆಯೊಳಗೆ ಪ್ರತಿಯೊಂದನ್ನೂ ಹಿಂದೆ ಮುಂದೆ ಎಳೆದು ನೋಡಿದ. ಒಂದು ಸ್ವಲ್ಪ ಬಿಗಿಯೆನಿಸಿತು. "ಸೂಜಿ ಹಿಡಿದು ಹಿಡಿದು ಅಕೀ ಬಟ್ಟು ನೋಯ್ತಾವ. ಹಗರ ಆಗಬೇಕು," ಎಂದು ಅದನ್ನು ಮತ್ತೆ ಲೇಥಿಗೆ ಕಟ್ಟಿ ಕೂದಲೆಳೆಯಷ್ಟು ಹೆರೆದ. ಈಗ ಅದು ಒಂದೇ ಬೆರಳಿಗೆ ಸರಿಯಿತು. ಕೆಳಗೆ ಬಿದ್ದ ಚೂರುಗಳನ್ನು ಗುಡಿಸಿದ, ಸರಳುಗಳಿಗೆ ಎಣ್ಣೆ ಹಚ್ಚಿದ, ನನ್ನ ಕೈಯಲ್ಲಿದ್ದ ಪೇಪರ್ ಕೇಳಿ ಇಸಿದುಕೊಂಡು ಒಂದೊಂದನ್ನೂ ಬೇರೆ ಬೇರೆಯಾಗಿ ಸುತ್ತಿದ, ಚೀಲಕ್ಕೆ ಹಾಕಿದ, ದೀಪ ಆರಿಸಿದ.